ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ನಾನು ಮಾಡಿದ ಎರಡು ತಪ್ಪುಗಳು

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)

 



ಈ ವೇದಿಕೆಯಲ್ಲಿ ಪ್ರತಿ ವರ್ಷ ಶಿಕ್ಷಣದ ಮಹತ್ವದ ಬಗ್ಗೆ ಹಿರಿಯರು ಮಾತನಾಡುತ್ತಾರೆ. ಈ ಸಲ ನನ್ನನ್ನು ಕರೆದಾಗ ಕಾರ್ಯದರ್ಶಿಗಳನ್ನು ಒಂದು ಮಾತು ಕೇಳಿದೆ: "ನಾನು ಒಂದು ಹಳೆಯ ಲ್ಯಾಪ್‌ಟಾಪಿನ ಬಗ್ಗೆ ಮಾತನಾಡಿದರೆ ನಡೆಯುತ್ತದೆಯೇ?" ಅವರು ನಕ್ಕು, "ಮೇಷ್ಟ್ರೇ, ನಿಮಗೆ ಬಿಟ್ಟಿದ್ದು" ಅಂದರು. ನಾನು ಕಂಪ್ಯೂಟರ್ ಓದಿದವನಲ್ಲ. ಬಿ.ಎಡ್. ಮುಗಿಸಿ ಮೂರು ದಶಕ ಕನ್ನಡ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತನಾದವನು. ಆದ್ದರಿಂದ ತಜ್ಞನ ಮಾತು ಇದಲ್ಲ. ಎರಡು ತಪ್ಪು ಮಾಡಿ, ಅವುಗಳಿಂದ ಕಲಿತವನ ಮಾತು.

ಮೊದಲನೆಯ ತಪ್ಪು 2020ರದ್ದು. ಕಾಲೇಜುಗಳು ಮುಚ್ಚಿದ್ದವು, ಪಾಠವೆಲ್ಲ ಮೊಬೈಲಿನಲ್ಲಿ ನಡೆಯುತ್ತಿತ್ತು. ನಮ್ಮ ಬೀದಿಯಲ್ಲೇ ಇರುವ ಒಬ್ಬರು, ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸ ಮಾಡುವವರು, ಒಂದು ಸಂಜೆ ಮನೆಗೆ ಬಂದರು. ಮಗಳು ಬಿ.ಕಾಂ. ಸೇರಿದ್ದಳು. "ಸರ್, ನಿಮ್ಮ ಮಗಂದು ಒಂದು ಹಳೇ ಲ್ಯಾಪ್‌ಟಾಪ್ ಅಟ್ಟದ ಮೇಲಿದೆ ಅಂತ ಅಂದಿದ್ರಿ. ಅದು ನಡೆಯುತ್ತಾ?" ಎಂದು ಕೇಳಿದರು. ನಾನು ಎದ್ದು ನೋಡಲೂ ಇಲ್ಲ. "ಅದು ಗುಜರಿಯವನಿಗೂ ಬೇಡ ಭಾಯ್. ಓದೋ ಹುಡುಗಿ, ಹೊಸದೇ ಕೊಡಿಸಿ" ಎಂದೆ. ದೊಡ್ಡ ಸಲಹೆ ಕೊಟ್ಟೆ ಅಂದುಕೊಂಡೆ. ಅವರು ಟೀ ಕುಡಿದು ಹೋದರು.

ಹೊಸ ಲ್ಯಾಪ್‌ಟಾಪ್ ಬಂತು. ಅದಕ್ಕಾಗಿ ಹುಡುಗಿಯ ತಾಯಿಯ ಬೆಂಡೋಲೆ ಗಿರವಿ ಅಂಗಡಿಗೆ ಹೋಗಿತ್ತು ಎಂಬುದು ನನಗೆ ತಿಳಿದದ್ದು ಒಂದು ವರ್ಷ ಕಳೆದ ಮೇಲೆ, ಅದೂ ನನ್ನ ಹೆಂಡತಿಯ ಬಾಯಿಂದ. ಆ ಮನೆಯವರ ಅನುಮತಿ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಅವರೂ ಇಂದು ಸಭೆಯಲ್ಲಿದ್ದಾರೆ.

ಆ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಒಂದು: "ಮಗಳಿಗೆ ಅದರಲ್ಲಿ ಏನು ಕೆಲಸ?" ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಪಾಠ ಕೇಳಲು ಅಪ್ಪನ ಮೊಬೈಲ್ ಇತ್ತು. ಅಸೈನ್‌ಮೆಂಟ್ ಟೈಪ್ ಮಾಡಲು, ಲೆಕ್ಕದ ಪಟ್ಟಿ ಹಾಕಲು, ಪಿಡಿಎಫ್ ನೋಟ್ಸ್ ದೊಡ್ಡ ಅಕ್ಷರದಲ್ಲಿ ಓದಲು ಮಾತ್ರ ಅವಳಿಗೆ ಒಂದು ಯಂತ್ರ ಬೇಕಿತ್ತು. ಇಷ್ಟೂ ಕೆಲಸವನ್ನು ನನ್ನ ಅಟ್ಟದ ಮೇಲಿದ್ದ ಪೆಟ್ಟಿಗೆ ಮಾಡುತ್ತಿತ್ತು. ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಹೆಂಡತಿ ವಿಷಯ ಹೇಳಿದ ಮರುದಿನ ಅಟ್ಟ ಹತ್ತಿದೆ. ಅದು 10 ಇಂಚಿನ ಪುಟ್ಟ ನೆಟ್‌ಬುಕ್. 2009ರಲ್ಲಿ ಮಗ ಕಾಲೇಜಿಗೆಂದು ತೆಗೆದುಕೊಂಡದ್ದು. ಒಳಗಿನ ಪ್ರೊಸೆಸರ್ ಇಂಟೆಲ್ ಆಟಮ್ ಎನ್270, ವೇಗ 1.6 ಗಿಗಾಹರ್ಟ್ಸ್, ರ‍್ಯಾಮ್ ಕೇವಲ 1 ಜಿಬಿ. ಬ್ಯಾಟರಿ ಸತ್ತಿತ್ತು. ಚಾರ್ಜರ್ ಹಾಕಿದರೆ ಮಾತ್ರ ಜೀವ. ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಭದ್ರತೆಯ ಪರಿಷ್ಕರಣೆಗಳು ಬರುವುದು 2014ರ ಏಪ್ರಿಲ್‌ನಲ್ಲೇ ನಿಂತುಹೋಗಿತ್ತು. ಬ್ರೌಸರ್ ತೆರೆದರೆ ಅರ್ಧಕ್ಕರ್ಧ ಜಾಲತಾಣಗಳು ತೆರೆಯುತ್ತಿರಲಿಲ್ಲ.

ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸ ಮಾಡುತ್ತಾನೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲಿ ನಾನೇ ಎರಡು ಸಲ ಬೈದ ಹುಡುಗ. ಅವನ ಮುಂದೆ ಇದನ್ನಿಟ್ಟೆ. "ಸರ್, ಇದಕ್ಕೆ ಹೊಸ ವಿಂಡೋಸ್ ಭಾರ ಆಗುತ್ತೆ. ಲಿನಕ್ಸ್ ಹಾಕಿ ನೋಡಿ. ನೀವೇ ಹಾಕಿ, ಕಲೀತೀರಿ" ಎಂದು ಒಂದು ಪೆನ್ ಡ್ರೈವ್ ಕೈಗಿತ್ತ. ಮೇಷ್ಟರಿಗೆ ಹೋಂವರ್ಕ್ ಕೊಟ್ಟು ಕಳಿಸಿದ.

ಲಿನಕ್ಸ್ ಎಂದರೇನು ಎಂದು ಇಲ್ಲಿರುವ ತಾಯಂದಿರಿಗೆ ಸರಳವಾಗಿ ಹೇಳುತ್ತೇನೆ. ಕಂಪ್ಯೂಟರಿನ ಒಳಗೆ ಮುಖ್ಯೋಪಾಧ್ಯಾಯರಂತೆ ಒಂದು ತಂತ್ರಾಂಶ ಇರುತ್ತದೆ. ಕೀಲಿಮಣೆ, ಪರದೆ, ಡಿಸ್ಕ್, ಯಾರು ಯಾವಾಗ ಏನು ಮಾಡಬೇಕು ಎಂದು ಅದು ನಿಭಾಯಿಸುತ್ತದೆ. ಅದನ್ನೇ ಆಪರೇಟಿಂಗ್ ಸಿಸ್ಟಮ್ ಎನ್ನುವುದು. ವಿಂಡೋಸ್ ಅಂಥದ್ದೊಂದು. ಲಿನಕ್ಸ್ ಇನ್ನೊಂದು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಕಂಪ್ಯೂಟರಿಗೆಂದು ಅದರ ತಿರುಳನ್ನು ಬರೆಯತೊಡಗಿದರು. ಆಗ ಅವರಿಗೆ 21 ವರ್ಷ. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ್ದರು. 1992ರಲ್ಲಿ ಲಿನಸ್ ತಮ್ಮ ಕೆಲಸವನ್ನೂ ಆ ಯೋಜನೆಯ ಪರವಾನಗಿಯಡಿ ತಂದರು. ಅಂದಿನಿಂದ ಸಾವಿರಾರು ಜನ ಅದಕ್ಕೆ ಕೈಜೋಡಿಸಿದ್ದಾರೆ.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು. ನಾವು ಶಾಲೆಯಲ್ಲಿದ್ದಾಗ ಅಂಗಡಿಯವರು ಹಣ ಕೊಡದ ಪ್ರತಿಯನ್ನೇ ಕಂಪ್ಯೂಟರಿಗೆ ಹಾಕಿಕೊಡುತ್ತಿದ್ದರು. ನಾವೂ ಸುಮ್ಮನಿರುತ್ತಿದ್ದೆವು. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಹೇಳುತ್ತಿದ್ದ ಕೋಣೆಯಲ್ಲೇ ಕಳ್ಳ ಪ್ರತಿ ಓಡುತ್ತಿತ್ತು. ಲಿನಕ್ಸಿನಲ್ಲಿ ಆ ಮುಜುಗರವಿಲ್ಲ. ಹಂಚಿಕೊಳ್ಳಿ ಎಂದೇ ಅದರ ಪರವಾನಗಿ ಹೇಳುತ್ತದೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಬಹಳ ವರ್ಷಗಳಿಂದ ಲಿನಕ್ಸಿನಲ್ಲೇ ನಡೆಯುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಹಾಗಾಗಿ ಇದು ಬಡವರಿಗೆಂದು ಮಾಡಿದ ಕಡಿಮೆ ದರ್ಜೆಯ ಸಾಮಾನು ಎಂದು ಯಾರೂ ತಿಳಿಯಬೇಡಿ. ಜಗತ್ತಿನ ದೊಡ್ಡ ದೊಡ್ಡ ಸರ್ವರುಗಳಲ್ಲಿ ಇರುವುದೂ ಇದೇ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸೇ.

ಹಳೆಯ ಲ್ಯಾಪ್‌ಟಾಪ್ ಏಕೆ ನಿಧಾನವಾಗುತ್ತದೆ? ಯಂತ್ರಕ್ಕೆ ವಯಸ್ಸಾಯಿತು ಎನ್ನುತ್ತೇವೆ. ಯಂತ್ರಕ್ಕೆ ಮನುಷ್ಯರಂತೆ ಮುಪ್ಪು ಬರುವುದಿಲ್ಲ. 2009ರಲ್ಲಿ ಅದು ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿತ್ತೋ ಇಂದೂ ಅಷ್ಟೇ ವೇಗವಾಗಿ ಮಾಡುತ್ತದೆ. ಬೆಳೆದದ್ದು ನಾವು ಅದರ ಮೇಲೆ ಹೇರಿದ ಹೊರೆ. ತರಗತಿಯ ಉದಾಹರಣೆ ಕೊಡುತ್ತೇನೆ. ರ‍್ಯಾಮ್ ಎಂದರೆ ಮೇಷ್ಟರ ಮೇಜು. ಹಾರ್ಡ್ ಡಿಸ್ಕ್ ಎಂದರೆ ಮೂಲೆಯ ಬೀರು. ಉತ್ತರ ಪತ್ರಿಕೆಗಳು ಮೇಜಿನ ಮೇಲಿದ್ದರೆ ತಿದ್ದುವುದು ಬೇಗ. ಮೇಜು ಚಿಕ್ಕದಾಗಿ ಕಟ್ಟು ದೊಡ್ಡದಾದರೆ ಪ್ರತಿ ಪತ್ರಿಕೆಗೂ ಎದ್ದು ಬೀರುವಿಗೆ ಹೋಗಬೇಕು. ಮೇಷ್ಟರು ನಿಧಾನವಾದದ್ದಲ್ಲ, ಓಡಾಟ ಹೆಚ್ಚಾದದ್ದು. ವಿಂಡೋಸ್ 11 ಕೂರಲು ಕನಿಷ್ಠ 4 ಜಿಬಿ ರ‍್ಯಾಮ್ ಕೇಳುತ್ತದೆ. ನನ್ನ ನೆಟ್‌ಬುಕ್ಕಿನ ಮೇಜು 1 ಜಿಬಿ. ಹಾಗಾದರೆ ಮೇಜಿನ ಮೇಲೆ ಕಡಿಮೆ ಜಾಗ ಹಿಡಿಯುವ ಮುಖ್ಯೋಪಾಧ್ಯಾಯರು ಬೇಕು. ಲಿನಕ್ಸಿನಲ್ಲಿ ಅಂಥವರು ಸಿಗುತ್ತಾರೆ.

ಲಿನಕ್ಸ್ ಒಂದೇ ರೂಪದಲ್ಲಿ ಬರುವುದಿಲ್ಲ. ಅದನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ರೀತಿ ಕಟ್ಟಿ ಕೊಡುತ್ತವೆ. ಉಬುಂಟು, ಡೆಬಿಯನ್, ಮಿಂಟ್, ಆ್ಯಂಟಿಎಕ್ಸ್, ಪಪ್ಪಿ ಹೀಗೆ ಹತ್ತಾರು ಹೆಸರು. ನಾನು ಮೊದಲು ಹಾಕಲು ಹೋದದ್ದು ಉಬುಂಟು, ಹೆಸರು ಕೇಳಿದ್ದೆ ಎಂಬ ಒಂದೇ ಕಾರಣಕ್ಕೆ. ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬಂತು: ಇದಕ್ಕೆ 64 ಬಿಟ್ ಪ್ರೊಸೆಸರ್ ಬೇಕು, ನಿಮ್ಮದು ಅದಲ್ಲ. ಯಂತ್ರ ಕೆಟ್ಟಿದೆ ಎಂದು ಎರಡು ದಿನ ಮುಚ್ಚಿಟ್ಟೆ. ಮತ್ತೆ ಆ ಹುಡುಗನಲ್ಲಿಗೆ ಹೋದಾಗ ಗೊತ್ತಾಯಿತು. ಆಟಮ್ ಎನ್270 ಹಳೆಯ 32 ಬಿಟ್ ಜಾತಿಯದು. ಹೊಸ ಉಬುಂಟು ಆ ಜಾತಿಗೆ ಬರುವುದೇ ಇಲ್ಲ. "ಸರ್, ಪ್ರಶ್ನೆ ಪತ್ರಿಕೆ ಓದದೇ ಉತ್ತರ ಬರೆದಿದ್ದೀರಿ" ಎಂದ. ನಾನು ಅವನಿಗೆ ಹೇಳುತ್ತಿದ್ದ ಮಾತೇ ಅದು.

ಆಮೇಲೆ ಆ್ಯಂಟಿಎಕ್ಸ್ ಎಂಬುದರ 32 ಬಿಟ್ ಪ್ರತಿ ತಂದೆ. ಡೆಬಿಯನ್ ಆಧಾರದ ಮೇಲೆ ಹಳೆಯ ಯಂತ್ರಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು ಅದು. ಇಂಥ ಪೆನ್ ಡ್ರೈವಿನಲ್ಲಿ ಒಂದು ಅನುಕೂಲ ಇದೆ. ಲ್ಯಾಪ್‌ಟಾಪಿನ ಡಿಸ್ಕನ್ನು ಮುಟ್ಟದೆ, ಪೆನ್ ಡ್ರೈವಿನಿಂದಲೇ ಇಡೀ ವ್ಯವಸ್ಥೆಯನ್ನು ಓಡಿಸಿ ನೋಡಬಹುದು. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕೀಲಿಗಳೆಲ್ಲ ಒತ್ತುತ್ತವೆಯೇ ಎಂದು ಪರೀಕ್ಷಿಸಿ, ಸರಿ ಅನಿಸಿದರೆ ಮಾತ್ರ ಡಿಸ್ಕಿಗೆ ಹಾಕಬಹುದು. ಡಿಸ್ಕಿಗೆ ಹಾಕುವಾಗ ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಫೋಟೋಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಇನ್‌ಸ್ಟಾಲ್ ಮಾಡುವಾಗ ಒಂದು ತಮಾಷೆ ನಡೆಯಿತು. ಪರದೆ ಎಷ್ಟು ಗಿಡ್ಡ ಎಂದರೆ, 'ಮುಂದೆ' ಎಂಬ ಗುಂಡಿ ಪರದೆಯ ಕೆಳಗೆ ಹೋಗಿ ಕಾಣಿಸುತ್ತಲೇ ಇರಲಿಲ್ಲ. ಅರ್ಧ ದಿನ ಒದ್ದಾಡಿದೆ. ಕೊನೆಗೆ ತಿಳಿಯಿತು: ಆಲ್ಟ್ ಕೀಲಿ ಒತ್ತಿ ಹಿಡಿದು ಮೌಸಿನಿಂದ ಕಿಟಕಿಯ ಯಾವ ಭಾಗವನ್ನು ಎಳೆದರೂ ಅದು ಮೇಲೆ ಸರಿಯುತ್ತದೆ. ಇದೊಂದು ವಿದ್ಯೆ ಗೊತ್ತಿಲ್ಲದೆ ಎಷ್ಟು ಜನ ಆ ಪುಟ್ಟ ಲ್ಯಾಪ್‌ಟಾಪುಗಳನ್ನು ಕೈಬಿಟ್ಟರೋ.

ಯಂತ್ರ ಶುರುವಾದ ಮೇಲೆ ನೋಡಿದೆ, ಏನೂ ತೆರೆಯದೆ ಸುಮ್ಮನಿದ್ದಾಗ ರ‍್ಯಾಮಿನಲ್ಲಿ 200 ಎಂಬಿಯೊಳಗೇ ಖರ್ಚಾಗುತ್ತಿತ್ತು. ಮೇಜಿನ ನಾಲ್ಕು ಭಾಗದಲ್ಲಿ ಮೂರು ಭಾಗ ಖಾಲಿ. ಆಮೇಲೆ ಸ್ವಲ್ಪ ಖರ್ಚು ಮಾಡಿದೆ. ಈ ಯಂತ್ರ ಗರಿಷ್ಠ 2 ಜಿಬಿ ರ‍್ಯಾಮ್ ತಾಳುತ್ತದೆ. ಅದನ್ನು ಹಳೆಯ ಸಾಮಾನಿನಲ್ಲಿ 450 ರೂಪಾಯಿಗೆ ತಂದೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು 1,650 ರೂಪಾಯಿಯ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಹಳೆಯ ಲ್ಯಾಪ್‌ಟಾಪಿಗೆ ಹಣ ಹಾಕುವುದಾದರೆ ಮೊದಲು ಈ ಎರಡಕ್ಕೇ ಹಾಕಬೇಕು. ಮೇಜು ದೊಡ್ಡದಾಗುತ್ತದೆ, ಬೀರು ಹತ್ತಿರಕ್ಕೆ ಬರುತ್ತದೆ. ಇದಲ್ಲದೆ ಖರ್ಚಿಲ್ಲದ ಉಪಾಯ ಒಂದಿದೆ. ಜಿರ‍್ಯಾಮ್ ಎಂದು ಅದರ ಹೆಸರು. ಮೇಜಿನ ಮೇಲೆ ಸದ್ಯಕ್ಕೆ ಬೇಡದ ಕಾಗದಗಳನ್ನು ಬೀರುವಿಗೆ ಒಯ್ಯದೆ ಮಡಚಿ ಅಲ್ಲೇ ಇಡುವ ಹಾಗೆ, ಇದು ರ‍್ಯಾಮಿನೊಳಗಿನ ಮಾಹಿತಿಯನ್ನು ಅಲ್ಲೇ ಕುಗ್ಗಿಸಿ ಇಡುತ್ತದೆ.

ಆಗ ನನಗೆ ಹುಮ್ಮಸ್ಸು ಬಂತು. ಟ್ರಸ್ಟಿನ ವಿದ್ಯಾರ್ಥಿವೇತನ ಪಡೆಯುತ್ತಿದ್ದ ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ಆ ನೆಟ್‌ಬುಕ್ ಕೊಟ್ಟುಬಿಟ್ಟೆ. ಕೊಡುವಾಗ ನಾಲ್ಕು ಜನರ ಎದುರು ಕೊಟ್ಟೆ. ಹುಡುಗನ ತಾಯಿ ದುಆ ಮಾಡಿದರು. ನಾನು ಹಗುರಾದೆ. ಇದು ನನ್ನ ಎರಡನೆಯ ತಪ್ಪು.

ಒಂಬತ್ತನೆಯ ದಿನ ಆ ತಾಯಿ ಬಟ್ಟೆಯ ಚೀಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಸರ್, ಹುಡುಗ ಹಾಳು ಮಾಡಿಬಿಟ್ಟ. ಬೈಬೇಡಿ. ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ" ಅಂದರು. ಒಳಗೆ ಕರೆದು ಕೂರಿಸಿ ಆನ್ ಮಾಡಿ ನೋಡಿದೆ. ಹುಡುಗ ಏನೂ ಹಾಳು ಮಾಡಿರಲಿಲ್ಲ. ಹಾಳಾಗಿದ್ದದ್ದು ನನ್ನ ಪರೀಕ್ಷೆ.

ನಡೆದದ್ದು ಇಷ್ಟು. ಲ್ಯಾಪ್‌ಟಾಪಿನ ಒಳಗೆ ಗಡಿಯಾರ ನಡೆಸಲು ನಾಣ್ಯದಂಥ ಒಂದು ಸೆಲ್ ಇರುತ್ತದೆ. ಹದಿನೈದು ವರ್ಷದ ಹತ್ತಿರ ಬಂದ ಯಂತ್ರದಲ್ಲಿ ಅದು ಸತ್ತಿರುವುದು ಸಹಜ. ದೊಡ್ಡ ಬ್ಯಾಟರಿಯೂ ಸತ್ತಿತ್ತು. ನನ್ನ ಮನೆಯಲ್ಲಿ ಚಾರ್ಜರ್ ಸದಾ ಚುಚ್ಚಿಯೇ ಇರುತ್ತಿದ್ದುದರಿಂದ ತೊಂದರೆ ಕಾಣಲಿಲ್ಲ. ಆ ಮನೆಯಲ್ಲಿ ಒಂದೇ ಪ್ಲಗ್. ರಾತ್ರಿ ಅದನ್ನು ಮೊಬೈಲಿಗೆ ಬಿಟ್ಟುಕೊಡಬೇಕು. ಚಾರ್ಜರ್ ತೆಗೆದಾಗಲೆಲ್ಲ ಯಂತ್ರದ ದಿನಾಂಕ ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಜಾಲತಾಣಗಳು ತಮ್ಮ ಗುರುತಿನ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇಟ್ಟಿರುತ್ತವೆ. ದಿನಾಂಕ ತಪ್ಪಿದ್ದರೆ ಬ್ರೌಸರ್ ಅದನ್ನು ನಂಬುವುದಿಲ್ಲ, ಅಪಾಯ ಎಂದು ಕೆಂಪು ಸೂಚನೆ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಅಪಾಯ ಎಂದು ಕಂಡ ಮಗು ಏನು ತಿಳಿಯಬೇಕು? ನನ್ನಿಂದಲೇ ಕೆಟ್ಟಿತು ಎಂದು ತಿಳಿಯಿತು.

ಇನ್ನೊಂದು ತಪ್ಪು ಇನ್ನೂ ನಾಚಿಕೆಯದು. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲೇ ಪರೀಕ್ಷಿಸಿದ್ದೆ. ಕನ್ನಡ ಮಾಧ್ಯಮದ ಹುಡುಗ ಕನ್ನಡ ಪುಟ ತೆರೆದರೆ ಅಕ್ಷರದ ಜಾಗದಲ್ಲಿ ಬರೀ ಚೌಕಗಳು. ಫಾಂಟ್ ಹಾಕಿರಲೇ ಇಲ್ಲ. ಮೂವತ್ತು ವರ್ಷ ಕನ್ನಡದಲ್ಲಿ ಪಾಠ ಮಾಡಿದ ನಾನು ಕನ್ನಡ ಬಾರದ ಯಂತ್ರವನ್ನು ಮಗುವಿನ ಕೈಗೆ ಕೊಟ್ಟಿದ್ದೆ.

ಸೆಲ್ ಬೆಲೆ 30 ರೂಪಾಯಿ. ಫಾಂಟಿಗೆ ಬೆಲೆಯೇ ಇಲ್ಲ. ಒಂದು ಭಾನುವಾರ ಆ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎರಡನ್ನೂ ಸರಿ ಮಾಡಿದೆ. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ನಿನ ಭಂಡಾರದಲ್ಲೇ ಸಿಗುತ್ತವೆ. ಟೈಪ್ ಮಾಡಲು ಐಬಸ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಕೀಲಿಗಳು ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ: ಹಿಂದೆ ನಾವು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಪ್ರಶ್ನೆ ಪತ್ರಿಕೆಗಳು ಹಾಗೆಯೇ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಹುಡುಗ ಲ್ಯಾಪ್‌ಟಾಪಿನ ತಳ ಬಿಚ್ಚುವುದನ್ನು ನೋಡಿದ. ಸತ್ತ ಸೆಲ್ಲನ್ನು ಅವನ ಅಂಗೈ ಮೇಲೆ ಇಟ್ಟೆ. "ಕೆಟ್ಟಿದ್ದು ಇದು. ನೀನಲ್ಲ" ಎಂದೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದ, ತಾಯಿಗೆ ತೋರಿಸಲು.

ಇನ್ನು ಆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಚ್ಚಿ ಹೇಳುತ್ತೇನೆ. ಹೆಚ್ಚು ಹೇಳಿದರೆ ಮೋಸವಾಗುತ್ತದೆ.

ಲಿಬ್ರೆಆಫೀಸಿನಲ್ಲಿ ಪತ್ರ, ಪ್ರಬಂಧ, ಲೆಕ್ಕದ ಪಟ್ಟಿ ಮಾಡಬಹುದು. ತೆರೆಯಲು ಅರ್ಧ ನಿಮಿಷ ಹಿಡಿದರೂ ಆಮೇಲೆ ಚೆನ್ನಾಗಿ ನಡೆಯುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘ ಜಾಲತಾಣದಲ್ಲಿಟ್ಟಿರುವ ಪಠ್ಯಪುಸ್ತಕಗಳ ಪಿಡಿಎಫ್ ಓದಬಹುದು. ಅದಕ್ಕೆ ಮ್ಯೂಪಿಡಿಎಫ್‌ನಂಥ ಹಗುರ ತಂತ್ರಾಂಶ ಸಾಕು. ಕಿವಿಕ್ಸ್ ಎಂಬುದರಲ್ಲಿ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓದಬಹುದು. ಡೇಟಾ ಮುಗಿದ ಮನೆಗೆ ಇದು ದೊಡ್ಡ ಉಪಕಾರ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಯಲು ಇಷ್ಟು ಶಕ್ತಿ ಧಾರಾಳ.

ಬ್ರೌಸರ್ ಮಾತ್ರ ಕಷ್ಟ. ಇಂದಿನ ಜಾಲತಾಣಗಳು ತುಂಬ ಭಾರ. ಒಂದೆರಡು ಪುಟ ತೆರೆಯಬಹುದು, ಹತ್ತು ತೆರೆದರೆ ಸ್ತಬ್ಧ. ಜಾಹೀರಾತು ತಡೆಯುವ ಪುಟ್ಟ ಸೇರ್ಪಡೆ ಹಾಕಿದರೆ ಹೊರೆ ಎಷ್ಟೋ ಇಳಿಯುತ್ತದೆ. ಪಾಠದ ವಿಡಿಯೋಗಳನ್ನು ಬ್ರೌಸರಿನಲ್ಲಿ ನೋಡುವ ಬದಲು ಎಂಪಿವಿ ಎಂಬ ಪ್ಲೇಯರಿನಲ್ಲಿ ಕಡಿಮೆ ಗುಣಮಟ್ಟದಲ್ಲಿ ನೋಡಿದರೆ ತಡೆಯದೆ ಓಡುತ್ತದೆ. ಮುಖ ನೋಡಿ ಮಾತನಾಡುವ ವಿಡಿಯೋ ಕರೆ ಇದರಲ್ಲಿ ಆಗದು. ಕ್ಯಾಮೆರಾ ಇಟ್ಟು ನಡೆಸುವ ಆನ್‌ಲೈನ್ ಪರೀಕ್ಷೆ ಆಗದು. ಎಂಜಿನಿಯರಿಂಗ್ ಮಕ್ಕಳ ಆಟೋಕ್ಯಾಡ್ ಆಗದು. ಅಂಥ ಮಕ್ಕಳಿಗೆ ಹಳೆಯದನ್ನು ಕೊಟ್ಟು "ಹೊಂದಿಕೊಳ್ಳಮ್ಮ" ಎನ್ನುವುದು ಅನ್ಯಾಯ. ಅವರಿಗೆ ತಕ್ಕ ಯಂತ್ರವನ್ನೇ ಕೊಡಿಸಬೇಕು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಲಿನಕ್ಸೂ ಹಳೆಯದನ್ನು ಎಂದೆಂದಿಗೂ ಹೊತ್ತುಕೊಂಡು ಹೋಗುವುದಿಲ್ಲ. ಲಿನಸ್ ಅದನ್ನು ಬರೆದದ್ದು 386 ಎಂಬ ಪ್ರೊಸೆಸರಿಗೆ. 2012ರಲ್ಲಿ ಆ 386ನ್ನೇ ಅದರಿಂದ ಕೈಬಿಡಲಾಯಿತು. ಈಗ 32 ಬಿಟ್ ಯಂತ್ರಗಳ ಸರದಿ ಬಂದಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಅಂಥ ಯಂತ್ರದಲ್ಲಿ ಹೊಸದಾಗಿ ಹಾಕಲು ಬರುವುದಿಲ್ಲ. ಅದರ ಹಿಂದಿನ ಡೆಬಿಯನ್ 12ಕ್ಕೆ 2028ರವರೆಗೆ ಭದ್ರತೆಯ ಪರಿಷ್ಕರಣೆ ಸಿಗುತ್ತದೆ. ಅಂದರೆ ನನ್ನ ನೆಟ್‌ಬುಕ್ಕಿಗೆ ಇನ್ನು ಕೆಲವೇ ವರ್ಷ. ಆಮೇಲೆ ಅದು ಇಂಟರ್ನೆಟ್ ಇಲ್ಲದ ಟೈಪಿಂಗ್ ಯಂತ್ರವಾಗಿ, ಓದುವ ಯಂತ್ರವಾಗಿ ಉಳಿಯುತ್ತದೆ. ಎಂಟನೆಯ ತರಗತಿಯಿಂದ ಪಿಯುಸಿವರೆಗೆ ಒಂದು ಮಗುವನ್ನು ದಾಟಿಸಿದರೆ ಗುಜರಿಗೆ ಹೋಗಬೇಕಿದ್ದ ವಸ್ತುವಿನಿಂದ ಅದಕ್ಕಿಂತ ಹೆಚ್ಚು ಏನು ಕೇಳೋಣ?

ದಾನಿಗಳಲ್ಲಿ ಈಗ ನನ್ನ ಬಿನ್ನಹ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಭಾಗ ಕೇಳುವುದರಿಂದ, ಪ್ರೊಸೆಸರಿಗೂ ಷರತ್ತು ಇಟ್ಟಿರುವುದರಿಂದ, ನಿಮ್ಮ ಅಂಗಡಿ, ಕಚೇರಿಗಳ ಎಷ್ಟೋ ಒಳ್ಳೆಯ ಲ್ಯಾಪ್‌ಟಾಪುಗಳು ಮೂಲೆ ಸೇರಲಿವೆ. ಅವು ನನ್ನ ನೆಟ್‌ಬುಕ್ಕಿಗಿಂತ ಎಷ್ಟೋ ಪಾಲು ಮೇಲು. 64 ಬಿಟ್, 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ರೂಪ ಆರಾಮವಾಗಿ ನಡೆಯುತ್ತದೆ. ನೋಡಲೂ ವಿಂಡೋಸಿನ ಹಾಗೇ ಇರುವುದರಿಂದ ಮಕ್ಕಳಿಗೆ ಹೊಸದೆನಿಸುವುದಿಲ್ಲ. ದಯವಿಟ್ಟು ಅವನ್ನು ಎಸೆಯಬೇಡಿ.

ಆದರೆ ಕೊಡುವಾಗ ನಾಲ್ಕು ವಿಷಯ ನೆನಪಿಡಿ. ಒಂದು, ಚಾರ್ಜರ್ ಜೊತೆಗೇ ಕೊಡಿ. ಚಾರ್ಜರ್ ಇಲ್ಲದ ಲ್ಯಾಪ್‌ಟಾಪ್ ಕೊಟ್ಟರೆ ಬಡವರ ಮೇಲೆ ಖರ್ಚು ಹೇರಿದ ಹಾಗೆ. ಎರಡು, ನಿಮ್ಮ ಮನೆಯ ಫೋಟೋ, ಬ್ಯಾಂಕಿನ ಕಾಗದ ಅದರಲ್ಲಿ ಉಳಿಯದಂತೆ ನೋಡಿಕೊಳ್ಳಿ. ಡಿಲೀಟ್ ಒತ್ತಿದ ಮಾತ್ರಕ್ಕೆ ಅವು ನಿಜವಾಗಿ ಅಳಿಯುವುದಿಲ್ಲ. ಹಾರ್ಡ್ ಡಿಸ್ಕನ್ನು ಪೂರ್ತಿ ಒರೆಸಲು ಎನ್‌ವೈಪ್ ಎಂಬ ಉಚಿತ ತಂತ್ರಾಂಶ ಇದೆ. ನಿಮಗೆ ಆಗದಿದ್ದರೆ ನಿಮ್ಮ ಮುಂದೆಯೇ ನಾವು ಒರೆಸಿಕೊಡುತ್ತೇವೆ. ಮೂರು, ಬ್ಯಾಟರಿ ಉಬ್ಬಿದ್ದರೆ ಆ ಯಂತ್ರವನ್ನು ಆನ್ ಮಾಡಬೇಡಿ, ಬ್ಯಾಟರಿಯನ್ನು ಚುಚ್ಚಬೇಡಿ. ಅದು ಬೆಂಕಿ ಹತ್ತುವ ವಸ್ತು. ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು. ನಾಲ್ಕು, ಯಾವ ಕೀಲಿ ಒತ್ತುವುದಿಲ್ಲ, ಯಾವ ಸ್ಪೀಕರ್ ಸತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ದೋಷ ಹೇಳಿ ಕೊಟ್ಟರೆ ಕೊಟ್ಟದ್ದರ ಬೆಲೆ ಕಡಿಮೆಯಾಗುವುದಿಲ್ಲ. ಹೇಳದೆ ಕೊಟ್ಟರೆ ಒಂದು ಮಗು ಅದನ್ನು ತನ್ನ ತಪ್ಪು ಎಂದುಕೊಳ್ಳುತ್ತದೆ.

ಈಗ ನಾನು ನನಗೇ ಒಂದು ನಿಯಮ ಹಾಕಿಕೊಂಡಿದ್ದೇನೆ. ಸಿದ್ಧವಾದ ಲ್ಯಾಪ್‌ಟಾಪನ್ನು ಮೊದಲು ನನ್ನ ಮೊಮ್ಮಗಳಿಗೆ ಒಂದು ವಾರ ಬಳಸಲು ಕೊಡುತ್ತೇನೆ. ಅವಳು ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡಬೇಕು, ಪ್ರತಿ ರಾತ್ರಿ ಚಾರ್ಜರ್ ತೆಗೆಯಬೇಕು, ಮೊಬೈಲ್ ಹಾಟ್‌ಸ್ಪಾಟಿನಿಂದ ಪಾಠ ನೋಡಬೇಕು. ಅವಳು ಸಾಕು ಎಂದರೆ ಆ ಯಂತ್ರ ಬೇರೆ ಮನೆಗೆ ಹೋಗುವುದಿಲ್ಲ. ಈವರೆಗೆ ಹನ್ನೊಂದು ಲ್ಯಾಪ್‌ಟಾಪ್ ನನ್ನ ಕೈಗೆ ಬಂದಿವೆ. ಏಳು ಮಕ್ಕಳ ಕೈ ಸೇರಿವೆ. ಉಳಿದ ನಾಲ್ಕು ಆ ಏಳಕ್ಕೆ ರ‍್ಯಾಮ್, ಸ್ಕ್ರೂ, ಕೀಲಿಮಣೆ ಕೊಟ್ಟು ತಮ್ಮ ಕೆಲಸ ಮುಗಿಸಿವೆ.

ತಂದೆ-ತಾಯಂದಿರಿಗೆ ಕೊನೆಯ ಮಾತು. ವಿದ್ಯಾರ್ಥಿವೇತನದ ಹಣ ಕೈಗೆ ಬಂದ ಕೂಡಲೇ ಲ್ಯಾಪ್‌ಟಾಪ್ ಅಂಗಡಿಗೆ ಹೋಗಬೇಡಿ. ಒಡವೆ ಗಿರವಿ ಇಡುವುದಂತೂ ಬೇಡವೇ ಬೇಡ. ಮೊದಲು ಮಗುವನ್ನು ಕೇಳಿ: "ನಿನಗೆ ಅದರಲ್ಲಿ ಏನು ಕೆಲಸ?" ಒಂದು ಕಾಗದದಲ್ಲಿ ಬರೆಯಲು ಹೇಳಿ. ಆ ಕಾಗದವನ್ನು ನಮ್ಮಲ್ಲಿಗೆ ತನ್ನಿ. ಹಳೆಯದರಲ್ಲಿ ಆಗುವ ಕೆಲಸವಾದರೆ ಹಳೆಯದನ್ನು ಸಿದ್ಧ ಮಾಡೋಣ. ಆಗದ ಕೆಲಸವಾದರೆ ಆಗದು ಎಂದು ಬಾಯಿಬಿಟ್ಟು ಹೇಳುತ್ತೇನೆ, ಹೊಸದಕ್ಕೆ ದಾರಿ ಏನೆಂದು ಟ್ರಸ್ಟಿನವರೊಂದಿಗೆ ಕೂತು ಯೋಚಿಸೋಣ. 2020ರಲ್ಲಿ ಮಾಡಿದ ಹಾಗೆ ಕೂತಲ್ಲಿಂದಲೇ ತೀರ್ಪು ಕೊಡುವುದಿಲ್ಲ.

ಆ ಬೆಂಡೋಲೆ ಹದಿನಾಲ್ಕು ತಿಂಗಳಿಗೆ ಮನೆಗೆ ಮರಳಿತು, ಬಡ್ಡಿ ಕಟ್ಟಿದ ಮೇಲೆ. ಆ ಹುಡುಗಿ ಬಿ.ಕಾಂ. ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ನಾನು ಅವಳ ತಂದೆಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು, "ಬಿಡಿ ಸರ್, ನೀವು ಒಳ್ಳೇದಕ್ಕೇ ಹೇಳಿದ್ರಿ" ಅಂದರು. ಒಳ್ಳೆಯದಕ್ಕೇ ಹೇಳಿದ್ದೆ, ನಿಜ. ಆದರೆ ಅಟ್ಟ ಹತ್ತಿ ನೋಡದೆ ಹೇಳಿದ್ದೆ.

ನಿಮ್ಮ ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ. ಯಂತ್ರದ ಜೊತೆ ತಿಂಗಳಿಗೆ ಒಂದು ಭಾನುವಾರದ ಎರಡು ಗಂಟೆ ಕೊಡಬಲ್ಲ ಯುವಕ, ಯುವತಿಯರಿದ್ದರೆ ಸಮಾರಂಭ ಮುಗಿದ ಮೇಲೆ ನನ್ನನ್ನು ಕಾಣಿ. ಸ್ಕ್ರೂಡ್ರೈವರ್ ನಾನು ತರುತ್ತೇನೆ.